ಮೂರು ಅಂಗಡಿ, ಮೂರು ಡೇಟಾಬೇಸ್, ಒಂದು ಪುಟ

ಫೋಟೋ 1

"ಒಂದೇ ಸ್ಕ್ರಿಪ್ಟ್‌ನಲ್ಲಿ ಎರಡು ಮೂರು ಡೇಟಾಬೇಸ್ ಇಟ್ಟುಕೊಂಡು ಕೆಲಸ ಮಾಡೋದು ಹೆಂಗೆ?" ಅಂತ ಹೋದ ವಾರ ನಿಮ್ಮಲ್ಲಿ ಮೂರು ಜನ ಮೆಸೇಜ್ ಮಾಡಿದ್ರಿ. ಒಂದೊಂದಾಗಿ ಉತ್ತರ ಕೊಡೋದಕ್ಕಿಂತ ಇಲ್ಲೇ ಬರೀತೀನಿ. ಉದ್ದ ಆಗುತ್ತೆ, ಚಾ ಇಟ್ಕೊಂಡು ಕೂತ್ಕೊಳ್ಳಿ.

ಹೊಸಬರಿಗೆ ಒಂದು ಮಾತು. ನಾನು ಬಿಕಾಂ ಓದ್ತಿರೋಳು, ಇಂಜಿನಿಯರ್ ಅಲ್ಲ. ಕಾಲೇಜು ಬಿಟ್ಟ ಮೇಲೆ ಒಂದು ಅಂಗಡಿಯ ಲೆಕ್ಕ ನೋಡ್ತೀನಿ. ಗೊಬ್ಬರ, ಮೈಲುತುತ್ತ, ಸುಣ್ಣ, ಪೈಪು, ಸ್ಪ್ರೇಯರ್‌ನ ಬಿಡಿಭಾಗ, ಒಟ್ಟಿನಲ್ಲಿ ತೋಟದವರಿಗೆ ಬೇಕಾದ ಸಾಮಾನು. ಅಂಗಡಿ ಕೊಪ್ಪದಲ್ಲೊಂದು, ಶೃಂಗೇರಿಯಲ್ಲೊಂದು, ಎನ್.ಆರ್.ಪುರದಲ್ಲೊಂದು. ಮೂರೂ ಕಡೆ ಬಿಲ್ ಮಾಡೋ ಸಾಫ್ಟ್‌ವೇರ್ ಒಂದೇ, ಆದ್ರೆ ಡೇಟಾಬೇಸ್ ಮೂರು, ಆಯಾ ಅಂಗಡಿಯ ಕಂಪ್ಯೂಟರ್‌ನಲ್ಲೇ. ಯಜಮಾನ್ರಿಗೆ ಬೇಕಿದ್ದು ಒಂದು ಪುಟ: ಯಾರು ಎಷ್ಟು ಉದ್ರಿ, ಯಾವ ಅಂಗಡಿಯಲ್ಲಿ ಎಷ್ಟು ಸ್ಟಾಕ್, ಇವತ್ತು ಎಷ್ಟು ದುಡ್ಡು ಬಂತು. ಮೂರರದ್ದೂ ಒಟ್ಟಿಗೆ.

ಫೋಟೋದಲ್ಲಿರೋದು ಆ ಪುಟ. ಹೆಸರು, ನಂಬರ್ ಎಲ್ಲ ಮಸುಕು ಮಾಡಿದ್ದೀನಿ, ಝೂಮ್ ಮಾಡಿ ಹುಡುಕಬೇಡಿ ಮಾರ್ರೆ.

"ಮೂರನ್ನೂ ಸೇರಿಸಿ ಒಂದೇ ಡೇಟಾಬೇಸ್ ಮಾಡಿಬಿಡಿ, ಗೋಳೇ ಇಲ್ಲ" ಅಂತ ಬೆಂಗಳೂರಲ್ಲಿ ಕೂತವರು ಹೇಳ್ತಾರೆ. ಬೆಂಗಳೂರಿಗೆ ಅದು ಸರಿ ಇರಬಹುದು. ನಮ್ಮಲ್ಲಿ ಜುಲೈ ತಿಂಗಳಲ್ಲಿ ಒಂದು ಮರ ಲೈನ್ ಮೇಲೆ ಬಿತ್ತು ಅಂದ್ರೆ ಕರೆಂಟೂ ಹೋಯ್ತು, ನೆಟ್ಟೂ ಹೋಯ್ತು. ಅಂಗಡಿಯಲ್ಲಿ ಬ್ಯಾಟರಿ ಮೇಲೆ ಕಂಪ್ಯೂಟರ್ ಓಡುತ್ತೆ, ನೆಟ್ ಓಡಲ್ಲ. ಕೊಳೆರೋಗಕ್ಕೆ ಔಷಧಿ ಹೊಡೆಯೋದು ಅದೇ ಮಳೆಗಾಲದಲ್ಲಿ. ಎರಡು ದಿನ ಹೊಳವಾಗಿದೆ ಅಂತ ಮೈಲುತುತ್ತ ತಗೊಳ್ಳೋಕೆ ಬಂದವರಿಗೆ "ಸರ್ವರ್ ಸಿಗ್ತಾ ಇಲ್ಲ, ನಾಳೆ ಬನ್ನಿ" ಅನ್ನೋಕೆ ಆಗುತ್ತಾ? ಹಾಗಾಗಿ ಡೇಟಾಬೇಸ್ ಮೂರೇ ಇರಬೇಕು. ಆಯಾ ಊರಿನ ಲೆಕ್ಕ ಆಯಾ ಊರಲ್ಲಿ.

ಫೋಟೋ 2

ಮೊದಲು ಸುಲಭದ್ದು ಮುಗಿಸೋಣ. ಪಿಎಚ್‌ಪಿಯಲ್ಲಿ ಪ್ರತಿ ಡೇಟಾಬೇಸ್‌ಗೂ ಒಂದು ಕನೆಕ್ಷನ್ ತೆರೀರಿ, ಪ್ರತಿಯೊಂದಕ್ಕೂ ಬೇರೆ ಹೆಸರಿಡಿ. ನಾನು ಊರಿನ ಹೆಸರೇ ಇಟ್ಟಿದ್ದೀನಿ. ಕ್ವೆರಿ ಕಳಿಸುವಾಗ ಕೊಪ್ಪದ ಕನೆಕ್ಷನ್ ಮೇಲೆ ಕಳಿಸ್ತಿದ್ದೀನೋ ಶೃಂಗೇರಿದರ ಮೇಲೋ ಅಂತ ಬರೆದ ಸಾಲಿನಲ್ಲೇ ಕಾಣಬೇಕು. ಪಿಡಿಒ ಆಗಲಿ ಮೈಎಸ್‌ಕ್ಯೂಎಲ್‌ಐ ಆಗಲಿ, ಎರಡರಲ್ಲೂ ಇದು ನೇರ.

ಇದನ್ನ ಒತ್ತಿ ಹೇಳೋಕೆ ಕಾರಣ ಇದೆ. ಹಳೇ ಪಿಎಚ್‌ಪಿ ಪಾಠಗಳು ಈಗಲೂ ಓಡಾಡ್ತಿವೆ. ಅದರಲ್ಲಿದ್ದ ಹಳೇ ಮೈಎಸ್‌ಕ್ಯೂಎಲ್ ಕನೆಕ್ಟ್ ಫಂಕ್ಷನ್‌ಗೆ ಒಂದು ಗುಣ ಇತ್ತು. ಅದೇ ಸರ್ವರ್, ಅದೇ ಯೂಸರ್, ಅದೇ ಪಾಸ್‌ವರ್ಡ್ ಕೊಟ್ಟು ಎರಡನೇ ಸಲ ಕರೆದ್ರೆ ಹೊಸ ಕನೆಕ್ಷನ್ ಕೊಡ್ತಾ ಇರಲಿಲ್ಲ, ಹಳೇದನ್ನೇ ವಾಪಸ್ ಕೊಡ್ತಿತ್ತು. ಹೊಸದೇ ಬೇಕು ಅಂತ ಬೇರೆ ಹೇಳಬೇಕಿತ್ತು. ಗೊತ್ತಿಲ್ಲದವರು ಎರಡನೇ ಡೇಟಾಬೇಸ್ ಆರಿಸಿದ ಕೂಡಲೇ ಮೊದಲನೇ ಹೆಸರೂ ಅದರ ಕಡೆಗೇ ತಿರುಗಿರ್ತಿತ್ತು. ಎರಡರಲ್ಲೂ ಗ್ರಾಹಕರ ಟೇಬಲ್‌ಗೆ ಒಂದೇ ಹೆಸರಿದ್ರೆ ದೋಷವೂ ಬರಲ್ಲ, ತಪ್ಪು ಊರಿನ ಲೆಕ್ಕ ತಣ್ಣಗೆ ಬಂದು ಕೂರುತ್ತೆ. 2015ರಲ್ಲಿ ಬಂದ ಪಿಎಚ್‌ಪಿ 7ರಲ್ಲಿ ಆ ಫಂಕ್ಷನ್‌ಗಳನ್ನ ತೆಗೆದೇ ಹಾಕಿದ್ರು. ನಿಮಗೆ ಸಿಕ್ಕಿದ ಪಾಠದಲ್ಲಿ ಅದು ಇದ್ರೆ ಪಾಠ ಮುಚ್ಚಿಡಿ.

ಎರಡು ಡೇಟಾಬೇಸ್ ಒಂದೇ ಮೈಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಇದ್ರೆ ಇಷ್ಟೂ ಬೇಡ. ಡೇಟಾಬೇಸ್ ಹೆಸರು, ಚುಕ್ಕಿ, ಟೇಬಲ್ ಹೆಸರು ಅಂತ ಬರೆದ್ರೆ ಒಂದೇ ಕ್ವೆರಿಯಲ್ಲಿ ಎರಡನ್ನೂ ಜೋಡಿಸಬಹುದು. ಎಸ್‌ಕ್ಯೂಲೈಟ್‌ನಲ್ಲಿ ಅಟ್ಯಾಚ್ ಅಂತ ಇದೆ, ಇನ್ನೊಂದು ಫೈಲನ್ನ ಪಕ್ಕಕ್ಕೆ ಕಟ್ಟಿಕೊಳ್ಳಬಹುದು. ನಮ್ಮದು ಮೂರು ಊರು, ಮೂರು ಮಷೀನು. ಚುಕ್ಕಿ ಇಟ್ಟರೆ ಕೊಪ್ಪದಿಂದ ಶೃಂಗೇರಿಗೆ ಹೋಗಲ್ಲ. ಪ್ರತಿ ಊರಿಂದ ಬೇಕಾದ ಸಾಲು ತರಿಸಿ, ಸ್ಕ್ರಿಪ್ಟ್ ಒಳಗೆ ಕೂಡಿಸಬೇಕು.

ಡೇಟಾಬೇಸ್‌ನ ಪೋರ್ಟನ್ನ ಇಂಟರ್‌ನೆಟ್‌ಗೆ ತೆರೆದಿಡಬೇಡಿ, ವಿಪಿಎನ್ ಮೂಲಕ ಹೋಗಿ. ಬರೀ ನೋಡೋ ಪುಟಕ್ಕೆ ಓದೋ ಹಕ್ಕು ಮಾತ್ರ ಇರೋ ಯೂಸರ್ ಕೊಡಿ. ಇಷ್ಟು ಹೇಳಿ ಮುಂದೆ ಹೋಗ್ತೀನಿ.

ಫೋಟೋ 3

ಈ ಫೋಟೋ ನಂಗಿಷ್ಟ. ಕೆಂಪು ಅಕ್ಷರದಲ್ಲಿ "ಶೃಂಗೇರಿ: ಸಿಕ್ಕಿಲ್ಲ" ಅಂತ ಇದೆ ನೋಡಿ. ಒಟ್ಟು ಮೊತ್ತದ ಜಾಗ ಖಾಲಿ.

ಹೆಚ್ಚಿನವರು ಬರೆಯೋ ಸ್ಕ್ರಿಪ್ಟ್ ಹೆಂಗಿರುತ್ತೆ ಅಂದ್ರೆ, ಕನೆಕ್ಷನ್ ಆಗದಿದ್ರೆ ಆ ಊರಿಗೆ ಸೊನ್ನೆ ಹಾಕಿ ಮುಂದೆ ಹೋಗುತ್ತೆ. ಪುಟ ಚಂದ ಕಾಣುತ್ತೆ, ಒಟ್ಟು ತಪ್ಪು. ಶೃಂಗೇರಿಯಲ್ಲಿ ಉದ್ರಿ ಸೊನ್ನೆ ಅನ್ನೋದು ಒಂದು ಮಾತು, ಶೃಂಗೇರಿಯನ್ನ ಕೇಳೋಕೆ ಆಗಲಿಲ್ಲ ಅನ್ನೋದು ಬೇರೆ ಮಾತು. ಮೂರಲ್ಲಿ ಒಂದು ಸಿಗದಿದ್ರೆ ನನ್ನ ಪುಟ ಒಟ್ಟು ಹಾಕಲ್ಲ. ಸಿಕ್ಕ ಎರಡನ್ನ ಬೇರೆ ಬೇರೆ ತೋರಿಸುತ್ತೆ. ಶುರುವಲ್ಲಿ ಯಜಮಾನ್ರಿಗೆ ಇದು ಹಿಡಿಸಲಿಲ್ಲ, "ಎಂತ ಮಾರಾಯ್ತಿ, ಇದ್ದಷ್ಟನ್ನಾದ್ರೂ ಕೂಡ್ಸು" ಅಂದ್ರು. ಕೂಡಿಸಲಿಲ್ಲ. ಆಮೇಲೆ ಒಗ್ಗಿಕೊಂಡ್ರು.

ಕಾಯೋ ಸಮಯವನ್ನೂ ನೀವೇ ಗೊತ್ತು ಮಾಡಿ. ಬಿಟ್ಟರೆ ಸ್ಕ್ರಿಪ್ಟು ಸಿಗದ ಊರಿನ ಬಾಗಿಲು ಬಡೀತಾ ನಿಂತುಬಿಡುತ್ತೆ, ಸಿಗೋ ಎರಡು ಊರಿನ ಲೆಕ್ಕವೂ ಕಾಣಲ್ಲ. ನಾನು 3 ಸೆಕೆಂಡ್ ಇಟ್ಟಿದ್ದೀನಿ.

ಇನ್ನು ಹೆಸರಿನ ಗೋಳು. ಒಂದೇ ಊರು ನಮ್ಮ ಮೂರು ಡೇಟಾಬೇಸ್‌ನಲ್ಲಿ ಎನ್.ಆರ್.ಪುರ, ಎನ್ ಆರ್ ಪುರ, ನರಸಿಂಹರಾಜಪುರ ಅಂತೆಲ್ಲ ಇದೆ. ನಮ್ಮ ಅಜ್ಜನ ಕಾಲದವರನ್ನ ಕೇಳಿದ್ರೆ ಎಡೇಹಳ್ಳಿ ಅಂತಾನೂ ಅಂದಾರು, ಅದರ ಹಳೇ ಹೆಸರು ಅದೇ. ಶೃಂಗೇರಿಯನ್ನ ಇಂಗ್ಲಿಷಲ್ಲಿ ಒಬ್ಬರು ಎಸ್ ಆರ್ ಐ ಅಂತ ಶುರು ಮಾಡಿದ್ರೆ ಇನ್ನೊಬ್ಬರು ಎಸ್ ಎಚ್ ಆರ್ ಐ ಅಂತಾರೆ. ನಮ್ಮ ಕೊಪ್ಪವನ್ನ ಕೊಪ್ಪಳ ಅಂದುಕೊಂಡವರ ಜೊತೆ ಫೋನಲ್ಲಿ ನೀವೂ ಜಗಳ ಆಡಿರ್ತೀರಿ. ಊರಿಗೆ ಪಿನ್ ಕೋಡ್ ಹಿಡಿದೆ. ಕೊಪ್ಪ 577126, ಎನ್.ಆರ್.ಪುರ 577134, ಶೃಂಗೇರಿ 577139. ಅದಕ್ಕೆ ಕಾಗುಣಿತ ಇಲ್ಲ.

ಮನುಷ್ಯರಿಗೆ ಪಿನ್ ಕೋಡ್ ಇಲ್ಲ. ಪ್ರತಿ ಡೇಟಾಬೇಸೂ ಗ್ರಾಹಕರಿಗೆ 1ರಿಂದ ನಂಬರ್ ಕೊಡ್ತಾ ಹೋಗಿದೆ. ಹಾಗಾಗಿ ಕೊಪ್ಪದ 214 ಒಬ್ಬರು, ಶೃಂಗೇರಿಯ 214 ಮತ್ಯಾರೋ. ಸ್ಕ್ರಿಪ್ಟ್‌ನಲ್ಲಿ ಬರೀ 214 ಅಂತ ಎಲ್ಲೂ ಓಡಾಡಬಾರದು. ಕೊ-214, ಶೃ-214 ಅಂತಲೇ ಓಡಾಡಬೇಕು. ಆಮೇಲೆ ಕೊ-214 ಅಂದ್ರೂ ಎನ್-87 ಅಂದ್ರೂ ಒಬ್ಬರೇ ಅಂತ ಹೇಳೋ ಒಂದು ಪಟ್ಟಿ ಬೇಕು. ಫೋನ್ ನಂಬರ್ ನೋಡಿ ತಾನಾಗೇ ಹೊಂದಿಸಿ ಅಂತ ಸಲಹೆ ಬಂತು. ನಮ್ಮಲ್ಲಿ ಅಪ್ಪ, ಮಗ ಇಬ್ಬರಿಗೂ ಮನೆಯ ಒಂದೇ ನಂಬರ್ ಬರೆಸಿರ್ತಾರೆ, ಲೆಕ್ಕ ಮಾತ್ರ ಬೇರೆ ಬೇರೆ. ಅದಕ್ಕೇ ಕೊಪ್ಪದ ರೈಟರ್ ಜೊತೆ ನಾಲ್ಕು ಸಂಜೆ ಕೂತು ಕೈಯಲ್ಲೇ ಪಟ್ಟಿ ಮಾಡಿದೆ. ಅವರಿಗೆ ತೋಟ, ಮನೆ, ಪಾಲಾಗಿದ್ದು ಯಾವಾಗ, ಎಲ್ಲ ಬಾಯಲ್ಲೇ ಇದೆ. ಈ ಕೆಲಸದಲ್ಲಿ ಅತಿ ಬೆಲೆಬಾಳೋ ಟೇಬಲ್ ಅದು. ಒಂದು ಸಾಲೂ ಕಂಪ್ಯೂಟರ್ ಬರೆದದ್ದಲ್ಲ.

ಫೋಟೋ 4

ಓದೋದು ಆಯ್ತು. ಬರೆಯೋದರಲ್ಲಿ ಇರೋದು ನಿಜವಾದ ಕಷ್ಟ.

ನಾನು ಬರೋದಕ್ಕೆ ಮುಂಚೆ ಇದ್ದ ಸ್ಕ್ರಿಪ್ಟು ಹೀಗಿತ್ತು. ಕೊಪ್ಪದಲ್ಲಿ ಉದ್ರಿ ಇರೋರು ಎನ್.ಆರ್.ಪುರದ ಅಂಗಡಿಯಲ್ಲಿ ದುಡ್ಡು ಕಟ್ಟಿದ್ರೆ, ಮೊದಲು ಎನ್.ಆರ್.ಪುರದ ಡೇಟಾಬೇಸ್‌ನಲ್ಲಿ ನಗದು ಬಂತು ಅಂತ ಬರೆಯೋದು, ಆಮೇಲೆ ಕೊಪ್ಪದ ಡೇಟಾಬೇಸ್‌ನಲ್ಲಿ ಅವರ ಬಾಕಿ ಕಮ್ಮಿ ಮಾಡೋದು. ಎರಡು ಸಾಲು. ನೆಟ್ ಇದ್ದಾಗ ಒಂದು ತೊಂದರೆಯೂ ಇರಲಿಲ್ಲ.

ಒಂದು ದಿನ ಎರಡು ಸಾಲಿನ ಮಧ್ಯೆ ನೆಟ್ ಹೋಯ್ತು. ಬಾಕಿ ಇದ್ದಿದ್ದು 31,900. ಅವರು ಕಟ್ಟಿದ್ದು 18,400. ರಸೀದಿಯೂ ಕೊಟ್ಟಾಯ್ತು. ಕೊಪ್ಪದಲ್ಲಿ ಮಾತ್ರ 31,900 ಹಾಗೇ ಉಳೀತು. ಮಾರನೇ ದಿನ ಕೊಪ್ಪದಿಂದ ಅವರಿಗೆ ಫೋನ್ ಹೋಯ್ತು, "ಬಾಕಿ ಸ್ವಲ್ಪ ನೋಡಿ" ಅಂತ.

ವಯಸ್ಸಾದವರು. ಎರಡು ಬಸ್ ಹಿಡಿದು ಕೊಪ್ಪಕ್ಕೆ ಬಂದ್ರು. ಕೂಗಾಡಲಿಲ್ಲ. ರಸೀದಿಯನ್ನ ಮೇಜಿನ ಮೇಲಿಟ್ಟು, "ನಾನು ಕೊಡದೆ ಕೊಟ್ಟೆ ಅಂದೋನಲ್ಲ" ಅಂದ್ರು. ಅಷ್ಟೇ. ಯಜಮಾನ್ರು ಎದ್ದು ನಿಂತು ಕ್ಷಮೆ ಕೇಳಿದ್ರು. ಆ ಸಂಜೆ ನಾನು ಅಲ್ಲೇ ಇದ್ದೆ, ಕೆಲಸಕ್ಕೆ ಸೇರಿ ಎರಡನೇ ವಾರ.

ದೊಡ್ಡ ಕಂಪನಿಗೆ ಇದು ಒಂದು ಟಿಕೆಟ್ಟು. ಇಲ್ಲಿ ಉದ್ರಿ ಅನ್ನೋದು ಒಬ್ಬರ ಮುಖ ನೋಡಿ ಇನ್ನೊಬ್ಬರು ಕೊಡೋದು. ಕಟ್ಟಿದ ದುಡ್ಡನ್ನ ಎರಡನೇ ಸಲ ಕೇಳಿದ್ರೆ ಅವರಿಗೆ ಕೇಳಿಸೋದು "ನೀವು ಸುಳ್ಳು ಹೇಳ್ತಿದ್ದೀರಿ" ಅಂತಲೇ.

ಫೋಟೋ 5

ಹಾಗಾದ್ರೆ ಎರಡೂ ಡೇಟಾಬೇಸ್‌ನಲ್ಲಿ ಒಟ್ಟಿಗೇ ಬರೆಯೋಕೆ ಆಗಲ್ವಾ, ಇಲ್ಲಾಂದ್ರೆ ಎರಡರಲ್ಲೂ ಬರೆಯದೇ ಇರೋಕೆ? ಒಂದೇ ಡೇಟಾಬೇಸ್ ಒಳಗೆ ಆಗುತ್ತೆ, ಅದನ್ನೇ ಟ್ರಾನ್ಸಾಕ್ಷನ್ ಅನ್ನೋದು. ಎರಡು ಮಷೀನಿನ ಮಧ್ಯೆಯೂ ಒಂದು ವಿಧಾನ ಇದೆ, ಟೂ ಫೇಸ್ ಕಮಿಟ್. ಜಿಮ್ ಗ್ರೇ ಅನ್ನೋ ಅಮೆರಿಕದ ವಿಜ್ಞಾನಿ 1978ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಟ್ರಾನ್ಸಾಕ್ಷನ್ ಮೇಲಿನ ಕೆಲಸಕ್ಕೆ 1998ರ ಟ್ಯೂರಿಂಗ್ ಪ್ರಶಸ್ತಿ ಬಂದಿದ್ದು ಅವರಿಗೇ. ಮೈಎಸ್‌ಕ್ಯೂಎಲ್‌ನಲ್ಲಿ ಎಕ್ಸ್‌ಎ ಅಂತ ಇದೆ.

ಅದು ನಡೆಯೋದು ಪಂಚಾಯ್ತಿ ಥರ. ಮಧ್ಯಸ್ಥ ಇಬ್ಬರನ್ನೂ ಕೇಳ್ತಾನೆ: "ತಯಾರಾ?" ಇಬ್ಬರೂ "ತಯಾರು" ಅಂದ್ರೆ "ಸರಿ, ಬರೀರಿ" ಅಂತಾನೆ. ಒಬ್ಬರು ಇಲ್ಲ ಅಂದ್ರೂ ಇಬ್ಬರೂ ಬರೆಯಲ್ಲ. ಕೇಳೋಕೆ ಚಂದ. ಆದ್ರೆ "ತಯಾರು" ಅಂದವರು ಆ ಸಾಲನ್ನ ಬೀಗ ಹಾಕಿ ಹಿಡ್ಕೊಂಡು ಕೂರಬೇಕು, ಮಧ್ಯಸ್ಥ ಉತ್ತರ ಹೇಳೋವರೆಗೂ. ಅಷ್ಟರಲ್ಲಿ ಮಧ್ಯಸ್ಥನ ಕರೆಂಟ್ ಹೋದ್ರೆ? ಹಿಡ್ಕೊಂಡೇ ಇರಬೇಕು. ಹೌದು ಅನ್ನೋಕೂ ಇಲ್ಲ, ಬಿಡೋಕೂ ಇಲ್ಲ. ಒಂದೇ ಕಟ್ಟಡದ ಎರಡು ಸರ್ವರ್‌ಗೆ ಇದು ಸರಿ. ಆಷಾಢದ ಮಳೆಯಲ್ಲಿ ಕೊಪ್ಪಕ್ಕೂ ಎನ್.ಆರ್.ಪುರಕ್ಕೂ ಮಧ್ಯೆ ಇದನ್ನ ನಂಬಿದ್ರೆ ಕೌಂಟರ್ ಮುಂದೆ ಜನ ನಿಂತೇ ಇರಬೇಕಾಗುತ್ತೆ.

ನಂಗೆ ದಾರಿ ಸಿಕ್ಕಿದ್ದು ಬಿಕಾಂ ಪುಸ್ತಕದಲ್ಲಿ. ನಗಬೇಡಿ. ಬ್ರಾಂಚ್ ಅಕೌಂಟ್ಸ್ ಅಂತ ಒಂದು ಅಧ್ಯಾಯ ಇದೆಯಲ್ಲ, ಎಲ್ಲರೂ ಬೈಕೊಂಡು ಓದೋದು. ಅದರಲ್ಲಿ "ಕ್ಯಾಶ್ ಇನ್ ಟ್ರಾನ್ಸಿಟ್", "ಗೂಡ್ಸ್ ಇನ್ ಟ್ರಾನ್ಸಿಟ್" ಅಂತ ಬರುತ್ತೆ. ಶಾಖೆ ದುಡ್ಡು ಕಳಿಸಿದೆ, ಹೆಡ್ ಆಫೀಸಿಗೆ ಇನ್ನೂ ಮುಟ್ಟಿಲ್ಲ. ಶಾಖೆ ಪುಸ್ತಕ ಒಂದು ಹೇಳುತ್ತೆ, ಹೆಡ್ ಆಫೀಸ್ ಪುಸ್ತಕ ಇನ್ನೊಂದು. ಎರಡೂ ಸರಿ! ವ್ಯತ್ಯಾಸದ ದುಡ್ಡು ದಾರಿಯಲ್ಲಿದೆ, ಅಷ್ಟೇ. ಲೆಕ್ಕದವರು ಆ ದಾರಿಗೇ ಒಂದು ಹೆಸರು ಕೊಟ್ಟು ಖಾತೆ ತೆರೆದಿದ್ದಾರೆ. ದುಡ್ಡು ಎತ್ತಿನ ಗಾಡಿಯಲ್ಲಿ ಹೋಗ್ತಿದ್ದ ಕಾಲಕ್ಕೂ ಈ ಲೆಕ್ಕ ನಡೀತಿತ್ತು, ನೆಟ್ ಹೋದ ಕಾಲಕ್ಕೂ ನಡೆಯುತ್ತೆ.

ಈಗಿನ ಸ್ಕ್ರಿಪ್ಟು ಹೀಗಿದೆ. ಎನ್.ಆರ್.ಪುರದಲ್ಲಿ ದುಡ್ಡು ಕಟ್ಟಿದ ಕೂಡಲೇ ಎರಡು ಸಾಲು ಬರೆಯುತ್ತೆ, ಎರಡೂ ಎನ್.ಆರ್.ಪುರದ ಡೇಟಾಬೇಸ್‌ನಲ್ಲೇ, ಒಂದೇ ಟ್ರಾನ್ಸಾಕ್ಷನ್‌ನಲ್ಲಿ. ಒಂದು: ನಗದು 18,400 ಬಂತು, ಕೊಪ್ಪ ಶಾಖೆಗೆ ಸೇರಿದ್ದು. ಇನ್ನೊಂದು "ದಾರಿಯಲ್ಲಿ" ಅನ್ನೋ ಟೇಬಲ್‌ಗೆ: ರಸೀದಿ ಎನ್-2317, ಕೊ-214 ಅವರದ್ದು, 18,400, ಕೊಪ್ಪಕ್ಕೆ ಮುಟ್ಟಬೇಕು. ಇಷ್ಟಕ್ಕೆ ನೆಟ್ ಬೇಡವೇ ಬೇಡ. ರಸೀದಿ ಕೊಟ್ಟು ಕಳಿಸಬಹುದು.

5 ನಿಮಿಷಕ್ಕೊಂದು ಸಲ ಬೇರೊಂದು ಸ್ಕ್ರಿಪ್ಟ್ ಎದ್ದು, "ದಾರಿಯಲ್ಲಿ" ಇರೋ ಸಾಲುಗಳನ್ನ ಕೊಪ್ಪಕ್ಕೆ ತಲುಪಿಸುತ್ತೆ. ತಲುಪಿತು ಅಂತ ಕೊಪ್ಪ ಹೇಳಿದ ಮೇಲೆ ಇಲ್ಲಿ ಗುರುತು ಹಾಕುತ್ತೆ. ನೆಟ್ ಇಲ್ಲಾಂದ್ರೆ ಮುಂದಿನ 5 ನಿಮಿಷಕ್ಕೆ.

ಇಲ್ಲೊಂದು ಸೂಕ್ಷ್ಮ ಇದೆ, ನಿಧಾನಕ್ಕೆ ಓದಿ. ಕೊಪ್ಪದಲ್ಲಿ ಬರೆದಾಯ್ತು, "ಮುಟ್ಟಿತು" ಅನ್ನೋ ಉತ್ತರ ವಾಪಸ್ ಬರುವಷ್ಟರಲ್ಲಿ ಲೈನ್ ಹೋಯ್ತು ಅಂದ್ಕೊಳ್ಳಿ. ಎನ್.ಆರ್.ಪುರಕ್ಕೆ ಗೊತ್ತಿಲ್ಲ, ಮತ್ತೆ ಕಳಿಸುತ್ತೆ. ಕೊಪ್ಪ ಮತ್ತೆ 18,400 ಕಳೆದ್ರೆ? ಆಗ ಅಂಗಡಿಗೆ ನಷ್ಟ. ಅದಕ್ಕೆ ಕೊಪ್ಪದ ಟೇಬಲ್‌ನಲ್ಲಿ ರಸೀದಿ ನಂಬರ್ ಮೇಲೆ ಯೂನಿಕ್ ಕೀ ಇದೆ. ಎನ್-2317 ಎರಡನೇ ಸಲ ಬಂದ್ರೆ ಡೇಟಾಬೇಸೇ ಒಳಗೆ ಬಿಡಲ್ಲ, ಸ್ಕ್ರಿಪ್ಟು "ಇದು ಆಗಲೇ ಮುಟ್ಟಿದೆ" ಅಂತ ಉತ್ತರ ಕೊಡುತ್ತೆ. ಹತ್ತು ಸಲ ಕಳಿಸಿದ್ರೂ ಒಂದೇ ಸಲ ಕಳೆಯುತ್ತೆ.

ಇನ್ನೊಂದು, ಬಾಕಿಯ ಅಂಕಿಯನ್ನ ಅಳಿಸಿ ತಿದ್ದೋದನ್ನೇ ಬಿಟ್ಟೆ. 31,900 ಅಳಿಸಿ 13,500 ಬರೆಯೋದಲ್ಲ, 18,400 ಜಮಾ ಅಂತ ಹೊಸ ಸಾಲು ಸೇರಿಸೋದು. ಬಾಕಿ ಅಂದ್ರೆ ಎಲ್ಲ ಸಾಲುಗಳ ಮೊತ್ತ. ಉದ್ರಿ ಪುಸ್ತಕದಲ್ಲಿ ರೈಟರ್ ಯಾವತ್ತೂ ರಬ್ಬರ್ ಹಿಡಿದಿದ್ದಿಲ್ಲ, ಸ್ಕ್ರಿಪ್ಟ್‌ಗೆ ಯಾಕೆ ಬೇಕು? ತಾರೀಕು ದುಡ್ಡು ಕಟ್ಟಿದ ದಿನದ್ದೇ ಇರಬೇಕು, ಕೊಪ್ಪಕ್ಕೆ ಮುಟ್ಟಿದ ದಿನದ್ದಲ್ಲ. ನೆಟ್ ಎರಡು ದಿನ ಇಲ್ಲದಿದ್ರೆ ಅದು ಅವರ ತಪ್ಪಾ?

ಫೋಟೋ 6

"ಸರ್ಕಾರದವರು ಇಂಥದ್ದನ್ನ ಹೆಂಗೆ ಮಾಡ್ತಾರೆ?" ಅಂತ ತಂಗಿ ಕೇಳಿದ್ಲು. ನೀವು ಜಾಗ ತಗೊಂಡಿದ್ರೆ ನಿಮಗೇ ಗೊತ್ತಿದೆ. ಸಬ್‌ರಿಜಿಸ್ಟ್ರಾರ್ ಕಚೇರಿಯ ನೋಂದಣಿ "ಕಾವೇರಿ"ಯಲ್ಲಿ. ಪಹಣಿ ಇರೋದು ಕಂದಾಯ ಇಲಾಖೆಯ "ಭೂಮಿ"ಯಲ್ಲಿ. ಅಳತೆ, ನಕ್ಷೆ ಸರ್ವೆ ಇಲಾಖೆಯ "ಮೋಜಿಣಿ"ಯಲ್ಲಿ. 2000ನೇ ಇಸವಿ ಹೊತ್ತಿಗೆ ಶುರುವಾದ ಭೂಮಿಯಲ್ಲಿ ಮೊದಲು ತಾಲ್ಲೂಕು ಕಚೇರಿಯಲ್ಲೇ ಆಯಾ ತಾಲ್ಲೂಕಿನ ಡೇಟಾ ಇರ್ತಿತ್ತು. ಕೊಪ್ಪದ್ದು ಕೊಪ್ಪದಲ್ಲಿ, ಶೃಂಗೇರಿದು ಶೃಂಗೇರಿಯಲ್ಲಿ. ನಮ್ಮ ಅಂಗಡಿ ಥರಾನೇ!

ಕ್ರಯಪತ್ರ ನೋಂದಣಿ ಆದ ಕ್ಷಣವೇ ಪಹಣಿಯಲ್ಲಿ ನಿಮ್ಮ ಹೆಸರು ಬರಲ್ಲ. ಕಾವೇರಿಯಿಂದ ಭೂಮಿಗೆ ಒಂದು ಚೀಟಿ ಹೋಗುತ್ತೆ, ಜೆ ಸ್ಲಿಪ್ ಅಂತಾರೆ. ಅದರ ಮೇಲೆ ಮ್ಯುಟೇಶನ್ ಶುರು, ತಕರಾರಿಗೆ ನೋಟಿಸ್, ಅವಧಿ ಮುಗಿದ ಮೇಲೆ ಪಹಣಿ ಬದಲು. ಅಷ್ಟು ದಿನ ಒಂದು ಡೇಟಾಬೇಸ್‌ನಲ್ಲಿ ಜಾಗ ನಿಮ್ಮದು, ಇನ್ನೊಂದರಲ್ಲಿ ಮಾರಿದವರದ್ದು. ಜನ ಇದಕ್ಕೆ ಬೈತಾರೆ. ನೋಟಿಸಿನ ದಿನಗಳು ಕಾನೂನಿಂದ ಬಂದದ್ದು, ಕಂಪ್ಯೂಟರ್ ಕಾರಣ ಅಲ್ಲ. ನಂಗೆ ಮುಖ್ಯ ಅನ್ನಿಸಿದ್ದು ಬೇರೆ: ಮ್ಯುಟೇಶನ್ ಎಲ್ಲಿದೆ ಅಂತ ನೋಡೋಕೆ ಭೂಮಿಯಲ್ಲಿ ಬೇರೆ ಪುಟವೇ ಇದೆ. ದಾರಿಯಲ್ಲಿ ಇರೋದನ್ನ ಮುಚ್ಚಿಡದೆ ತೋರಿಸ್ತಾರೆ. ಆ ಪುಟ ಇಲ್ಲದೆ ಬರೀ ಪಹಣಿ ನೋಡಿ ಯಾರಾದ್ರೂ ಜಾಗ ತಗೊಂಡ್ರೆ ಎಂತ ಆಗುತ್ತೆ, ಯೋಚಿಸಿ.

ನಮ್ಮ ಪುಟದಲ್ಲೂ "ದಾರಿಯಲ್ಲಿ" ಪಟ್ಟಿ ಮೇಲ್ಗಡೆಯೇ ಕಾಣುತ್ತೆ. ಆದ್ರೂ ಒಂದು ತೂತು ಉಳಿದಿತ್ತು. ಎನ್.ಆರ್.ಪುರ ಬೆಳಗಿನಿಂದ ಸಿಕ್ಕಿಲ್ಲ ಅಂದ್ರೆ, ಅಲ್ಲಿ ಯಾರು ದುಡ್ಡು ಕಟ್ಟಿದ್ದಾರೆ ಅಂತ ಕೊಪ್ಪಕ್ಕೆ ಹೆಂಗೆ ಗೊತ್ತಾಗಬೇಕು? ಪಟ್ಟಿಯೇ ಅಲ್ಲಿದೆ. ಸುದ್ದಿ ಬರಲಿಲ್ಲ ಅಂದ್ರೆ ಯಾರೂ ಕಟ್ಟಿಲ್ಲ ಅಂತಲೂ ಇರಬಹುದು, ಲೈನ್ ಇಲ್ಲ ಅಂತಲೂ ಇರಬಹುದು. ಹಾಗಾಗಿ ಕಳಿಸೋಕೆ ಎಂತದೂ ಇಲ್ಲದಿದ್ರೂ 5 ನಿಮಿಷಕ್ಕೊಂದು ಸಲ "ಎಂತದೂ ಇಲ್ಲ" ಅಂತ ಒಂದು ಚೀಟಿ ಬರಬೇಕು. ಕೊಪ್ಪದ ಪರದೆಯಲ್ಲಿ ಈಗ "ಎನ್.ಆರ್.ಪುರದ ಸುದ್ದಿ ಕೊನೆಗೆ ಬಂದದ್ದು 10:40ಕ್ಕೆ" ಅಂತ ಇರುತ್ತೆ. ಅದು ಒಂದು ಗಂಟೆಗಿಂತ ಹಳೇದಾದ್ರೆ ಬಾಕಿ ಕೇಳೋಕೆ ಯಾರಿಗೂ ಫೋನ್ ಮಾಡೋ ಹಾಗಿಲ್ಲ. ಇದು ಯಜಮಾನ್ರೇ ಹಾಕಿದ ನಿಯಮ, ನಾನು ಹೇಳಿಕೊಟ್ಟಿದ್ದಲ್ಲ.

ಫೋಟೋ 7

ಕೊನೇದು, ತಾಳೆ ನೋಡೋದು. ಇದನ್ನ ಮಾಡದೆ ಮೇಲಿನದೆಲ್ಲ ಸರಿ ಇದೆ ಅಂತ ಹೇಳೋಕಾಗಲ್ಲ.

ಎನ್.ಆರ್.ಪುರದ ಪುಸ್ತಕದಲ್ಲಿ "ಕೊಪ್ಪ ಶಾಖೆ" ಅಂತ ಒಂದು ಖಾತೆ ಇದೆ, ಕೊಪ್ಪಕ್ಕೆ ಸೇರಬೇಕಾದ ದುಡ್ಡು. ಕೊಪ್ಪದ ಪುಸ್ತಕದಲ್ಲಿ "ಎನ್.ಆರ್.ಪುರ ಶಾಖೆ" ಅಂತ ಇದೆ, ಅಲ್ಲಿಂದ ಬರಬೇಕಾದ್ದು. ಕನ್ನಡಿ ಥರ ಎರಡೂ ಒಂದೇ ಮೊತ್ತ ಇರಬೇಕು, ದಾರಿಯಲ್ಲಿ ಇರೋದನ್ನ ಬಿಟ್ಟು. ಫೋಟೋದಲ್ಲಿರೋ ದಿನ ಎನ್.ಆರ್.ಪುರ ಹೇಳಿದ್ದು 2,46,300. ಕೊಪ್ಪ ಹೇಳಿದ್ದು 2,21,800. ವ್ಯತ್ಯಾಸ 24,500. "ದಾರಿಯಲ್ಲಿ" ಪಟ್ಟಿಯಲ್ಲಿ ಮೂರು ಸಾಲು: 9,000, 12,500, 3,000. ಕೂಡಿಸಿ ನೋಡಿ.

ರಾತ್ರಿ ಅಂಗಡಿ ಮುಚ್ಚೋ ಮುಂಚೆ ಸ್ಕ್ರಿಪ್ಟು ಇದನ್ನ ಮೂರೂ ಜೋಡಿಗೆ ಮಾಡುತ್ತೆ: ಕೊಪ್ಪ–ಶೃಂಗೇರಿ, ಶೃಂಗೇರಿ–ಎನ್.ಆರ್.ಪುರ, ಎನ್.ಆರ್.ಪುರ–ಕೊಪ್ಪ. ಒಂದು ರೂಪಾಯಿ ತಾಳೆ ಆಗದಿದ್ರೂ ನನ್ನ ಫೋನಿಗೆ ಮೆಸೇಜ್. ನಾಲ್ಕನೇ ಅಂಗಡಿ ಬಂದ್ರೆ ಜೋಡಿ ಆರಾಗುತ್ತೆ, ಐದನೇದಕ್ಕೆ ಹತ್ತು. ಬಾಳೆಹೊನ್ನೂರಲ್ಲಿ ಜಾಗ ನೋಡ್ತಿದ್ದಾರೆ ಅಂತ ಸುದ್ದಿ ಇದೆ, ನೋಡೋಣ.

ಇದನ್ನ ಬರೆಯೋ ಹೊತ್ತಿಗೆ ಶೃಂಗೇರಿ ಮಧ್ಯಾಹ್ನದಿಂದ ಸಿಕ್ಕಿಲ್ಲ. ಕೊಪ್ಪದಿಂದ ಅಲ್ಲಿಗೆ ಹೋಗಬೇಕಾದ ನಾಲ್ಕು ಸಾಲು ದಾರಿಯಲ್ಲಿವೆ. ರಸೀದಿ ರದ್ದು ಮಾಡಬೇಕಾದ್ರೆ, ಅದೂ ಆಗಲೇ ಕೊಪ್ಪಕ್ಕೆ ಮುಟ್ಟಿದ ರಸೀದಿಯನ್ನ, ಎಂತ ಮಾಡಬೇಕು ಅನ್ನೋದನ್ನ ಮುಂದಿನ ಭಾಗದಲ್ಲಿ ಬರೀತೀನಿ. ಅಷ್ಟರಲ್ಲಿ ನಿಮಗೆ ಹೊಳೆದದ್ದನ್ನ ಕೆಳಗೆ ಬರೀರಿ. ಅಳಿಸೋ ಹಾಗಿಲ್ಲ, ನೆನಪಿರಲಿ.

#ಕೊಪ್ಪ #ಶೃಂಗೇರಿ #ಎನ್ಆರ್‌ಪುರ #ಬಿಕಾಂಹುಡುಗಿಯಲೆಕ್ಕ #ಡೇಟಾಬೇಸ್